ಊರಿಗೆ ಬಂದ ಲಾಭ ದೇಶಕ್ಕೂ ಲಾಭವೇ? ಲೆಕ್ಕ ಹೇಗೆ?

ಪ್ರಶ್ನೆ: ಪಟ್ಟಣದ ಕೈಗಾರಿಕಾ ವಸಾಹತು ಯೋಜನೆಯ ವರದಿ ಬರೆಯಬೇಕಿದೆ. ದೇಶದ ಆರ್ಥಿಕತೆಗೆ ಆಗುವ ಲಾಭವನ್ನು ಲೆಕ್ಕ ಹಾಕೋದು ಹೇಗೆ? ಎಲ್ಲಿ ಎಡವುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಒಟ್ಟು ಉದ್ಯೋಗದ ಸಂಖ್ಯೆಯನ್ನೇ ಲಾಭ ಅಂತ ಬರೆಯೋದೇ ಮೊದಲ ಎಡವಟ್ಟು. 100 ಉದ್ಯೋಗ ಬಂತು ಅಂತಿಟ್ಟುಕೊಳ್ಳಿ. ಯೋಜನೆ ಇಲ್ಲದಿದ್ದರೂ 30 ಬರುತ್ತಿದ್ದವು ಅಂದ್ರೆ ಅದನ್ನು ಕಳೆಯಿರಿ. ಉಳಿದ 70ರಲ್ಲಿ 40 ಪಕ್ಕದ ಜಿಲ್ಲೆಯಿಂದ ಎತ್ತಂಗಡಿಯಾದವು ಅಂದ್ರೆ ಊರಿನ ಲೆಕ್ಕಕ್ಕೆ 70, ದೇಶದ ಲೆಕ್ಕಕ್ಕೆ ಬರೀ 30. ತೆರಿಗೆ ವಿನಾಯಿತಿ ಕೊಟ್ಟು ಕಾರ್ಖಾನೆ ಸೆಳೆಯುವ ಪೈಪೋಟಿಯಲ್ಲಿ ಆಗೋದು ಹೆಚ್ಚಾಗಿ ಇದೇ. ಜೊತೆಗೆ ಖಜಾನೆಗೂ ಖೋತಾ.

ಉತ್ತರ 2
ಹಣ ಎಷ್ಟು ಸುತ್ತು ತಿರುಗುತ್ತೆ ಅನ್ನೋದನ್ನೂ ಅಳೆಯಿರಿ. ಮೂರು ಸುತ್ತು ಸಾಕು. ಯೋಜನೆಯ ಖರ್ಚು 100. ಅದರಲ್ಲಿ ಊರಿನ ಕೆಲಸಗಾರರಿಗೆ, ಪೂರೈಕೆದಾರರಿಗೆ ಹೋದದ್ದು 50. ಅವರು ಮತ್ತೆ ಊರಲ್ಲೇ ಖರ್ಚು ಮಾಡಿದ್ದು 20. ಮೂರನ್ನೂ ಕೂಡಿ 100ರಿಂದ ಭಾಗಿಸಿದರೆ 1.7. ಇದಕ್ಕೇ ಗುಣಕ ಅನ್ನೋದು: ಖರ್ಚಾದ ಒಂದು ರೂಪಾಯಿ ಸುತ್ತಿ ಸುತ್ತಿ ಒಟ್ಟು ಎಷ್ಟಾಗುತ್ತೆ ಅನ್ನೋ ಲೆಕ್ಕ.

ತಪ್ಪೋದು ಎರಡನೇ ಸುತ್ತಲ್ಲಿ. ಬಿಲ್ಲಿನ ಮೇಲೆ ಊರಿನ ವಿಳಾಸ ಇದ್ದ ಮಾತ್ರಕ್ಕೆ ಪೂರ್ತಿ ಮೊತ್ತ ಊರಿನದ್ದಲ್ಲ. ಹೊರಗಿನ ಮಾಲನ್ನು ತಂದು ಮಾರುವವನಾದರೆ ಅವನ ಮಾರ್ಜಿನ್ ಮಾತ್ರ ಸೇರಿಸಿ. ಪಕ್ಕದ ಜಿಲ್ಲೆಗೆ ಹೋದ ದುಡ್ಡು ಊರಿಗೆ ಸೋರಿಕೆ, ದೇಶಕ್ಕಲ್ಲ. ಆಮದಿಗೆ ಹೋದದ್ದು ಇಬ್ಬರಿಗೂ ಸೋರಿಕೆ. ಹಾಗಾಗಿ ಊರಿಗೊಂದು, ದೇಶಕ್ಕೊಂದು ಗುಣಕ ಬೇರೆ ಬೇರೆಯಾಗಿ ತೆಗೆಯಿರಿ.

ಉತ್ತರ 3
ಮೇಲಿನ ಮಾತಿಗೆ ಒಂದು ತಿದ್ದುಪಡಿ. ದೇಶದಲ್ಲಿ ಕೈಗಳೂ ಯಂತ್ರಗಳೂ ಖಾಲಿ ಇದ್ದಾಗ ಮಾತ್ರ ಆ ಗುಣಕ ನಂಬಿ. ಎಲ್ಲರಿಗೂ ಕೆಲಸ ಇರುವಾಗ ಹೊಸ ಯೋಜನೆ ಬೇರೆ ಕಡೆಯ ಕೆಲಸಗಾರರನ್ನೇ ಎಳೆದುಕೊಳ್ಳುತ್ತೆ.

ದೀರ್ಘಾವಧಿಗೆ ನೋಡಬೇಕಾದ್ದು ಉತ್ಪಾದಕತೆ. 1933ರಲ್ಲಿ ಅಮೆರಿಕದಲ್ಲಿ ಶುರುವಾದ ಟೆನೆಸ್ಸೀ ಕಣಿವೆ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕ್ಲೈನ್ ಮತ್ತು ಮೊರೆಟ್ಟಿ 2014ರಲ್ಲಿ ವಿಶ್ಲೇಷಿಸಿದರು. ಅಣೆಕಟ್ಟು, ರಸ್ತೆಯಂಥ ನೇರ ಹೂಡಿಕೆಯಿಂದ ದೇಶದ ತಯಾರಿಕಾ ಉತ್ಪಾದಕತೆ ಏರಿತು, ಖರ್ಚಿಗಿಂತ ಲಾಭ ಹೆಚ್ಚಾಯಿತು. ಆದರೆ ಉದ್ಯಮಗಳು ಒಂದೆಡೆ ಸೇರಿದ್ದರಿಂದ ಕಣಿವೆಗೆ ದಕ್ಕಿದ ಲಾಭವನ್ನು ಉಳಿದ ಪ್ರದೇಶಗಳ ನಷ್ಟ ನುಂಗಿತು. ಕೃಷಿ ಉದ್ಯೋಗದ ಏರಿಕೆಯೂ ಸಹಾಯಧನ ನಿಂತ ಮೇಲೆ ಕ್ರಮೇಣ ಕರಗಿತು.

ಅದಕ್ಕೇ ವರದಿಯಲ್ಲಿ ರಸ್ತೆ, ವಿದ್ಯುತ್, ತರಬೇತಿಯ ಖರ್ಚನ್ನು ಒಂದು ಕಾಲಮ್ಮಿನಲ್ಲಿ, ವಿನಾಯಿತಿಗಳನ್ನು ಇನ್ನೊಂದರಲ್ಲಿ ಇಡಿ. ಒಂದರಲ್ಲೇ ಕೂಡಿಸಿದರೆ ದೇಶಕ್ಕೆ ಉಳಿಯುವುದು ಯಾವುದು ಅಂತ ಬಿಡಿಸೋಕೆ ಆಗಲ್ಲ.

ಉತ್ತರ 1
ನನ್ನ ಮೊದಲಿನ ಉತ್ತರಕ್ಕೆ ಇನ್ನೊಂದು ಮಾತು. ವಿನಾಯಿತಿ ಕೊಡಲೇಬೇಕಾದರೆ ಕರಾರಿನಲ್ಲಿ ವಾಪಸಾತಿ ಷರತ್ತು ಹಾಕಿಸಿ: ಹೇಳಿದಷ್ಟು ಉದ್ಯೋಗ, ಹೇಳಿದಷ್ಟು ವರ್ಷ ಇಲ್ಲದಿದ್ದರೆ ಹಣ ಮರಳಿಸಬೇಕು. ಉದ್ಯೋಗವನ್ನು ಸಂಬಳದ ಪಟ್ಟಿಯಿಂದಲೇ ಎಣಿಸಿ, ಕಂಪನಿಯ ಘೋಷಣೆಯಿಂದಲ್ಲ.