ಅಪ್ಪನ ಹಳೇ ಮನೆ ರಿಪೇರಿ ಮಾಡಿಸಿ ಮಹಡಿ ಬಾಡಿಗೆಗೆ ಕೊಡಬೇಕು, ಸರ್ಕಾರದಿಂದ ಏನಾದರೂ ಸಿಗುತ್ತದಾ?

ಮಹಡಿಮೆಟ್ಟಿಲು

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಅಪ್ಪ 1996ರಲ್ಲಿ ಕಟ್ಟಿಸಿದ ಮನೆ ಇದೆ. 30×40 ಸೈಟು. ಕೆಳಗೆ ಅಪ್ಪ ಅಮ್ಮ ಇದ್ದಾರೆ, ಮೇಲೆ ಎರಡು ಸಣ್ಣ ಪೋರ್ಷನ್. ಮೂರು ವರ್ಷದಿಂದ ಮೇಲೆ ಯಾರೂ ಇಲ್ಲ. ತಾರಸಿ ಸೋರಿ ಸೋರಿ ಬಾತ್‌ರೂಮ್ ಪಕ್ಕದ ಗೋಡೆ ಪೂರ್ತಿ ತೇವ ಹಿಡಿದಿದೆ, ಕೈ ಇಟ್ಟರೆ ಪ್ಲಾಸ್ಟರ್ ಪುಡಿಪುಡಿಯಾಗಿ ಉದುರುತ್ತದೆ, ಗೀಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಮೇಸ್ತ್ರಿ ಎಲ್ಲಾ ನೋಡಿ 6 ಲಕ್ಷ ಆಗಬಹುದು ಎಂದರು. ಸರಿ ಮಾಡಿಸಿದರೆ ಒಂದಕ್ಕೆ 12 ಸಾವಿರ, ಇನ್ನೊಂದಕ್ಕೆ 10 ಸಾವಿರ ಬಾಡಿಗೆ ಬರುತ್ತದೆ ಅಂತ ಬೀದಿಯಲ್ಲಿ ಕೇಳಿ ತಿಳಿದುಕೊಂಡೆ.

ಅಪ್ಪನಿಗೆ 67 ವರ್ಷ, ತಿಂಗಳಿಗೆ 28 ಸಾವಿರ ಪಿಂಚಣಿ. ಮನೆ ಅವರ ಹೆಸರಲ್ಲೇ ಇದೆ. ಸಾಲ ನನ್ನ ಹೆಸರಲ್ಲಿ ತೆಗೆದುಕೊಳ್ಳೋಣ ಅಂದುಕೊಂಡಿದ್ದೇನೆ. ಈ ಮಧ್ಯೆ ಒಬ್ಬರು ಏಜೆಂಟ್ ಬಂದು, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ರಿಪೇರಿಗೆ ಎರಡೂವರೆ ಲಕ್ಷ ಬರುತ್ತದೆ, ಫೈಲ್ ಹಾಕಲು 8 ಸಾವಿರ ಕೊಡಿ ಎಂದು ಅಪ್ಪನ ತಲೆ ತುಂಬಿಸಿ ಹೋಗಿದ್ದಾರೆ. ಅಪ್ಪ ದುಡ್ಡು ಎಣಿಸಿ ಇಟ್ಟಿದ್ದಾರೆ. ಇದು ನಿಜವಾ? ರಿಪೇರಿಗೆ ಪಾಲಿಕೆಯಿಂದ ಅನುಮತಿ ಬೇಕಾ? ಬಾಡಿಗೆಗೆ ಕೊಟ್ಟರೆ ತೆರಿಗೆ ಎಷ್ಟು ಜಾಸ್ತಿ ಆಗುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಲೆಕ್ಕದ ಶಾರದಕ್ಕ

ಮೊದಲು ಆ 8 ಸಾವಿರ ಕೊಡಬೇಡಿ. ಇವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿ.

2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆವಾಸ್ 2.0 ಯೋಜನೆಯ ಮೊದಲ ಷರತ್ತೇ ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು ಅನ್ನುವುದು. ಅದರಲ್ಲಿ ಸಾಲದ ಬಡ್ಡಿಗೆ 1.80 ಲಕ್ಷದವರೆಗೆ ಸಹಾಯಧನ ಇದೆ ನಿಜ, ಆದರೆ ಅದು ಮೊದಲ ಮನೆ ಕೊಳ್ಳುವವರಿಗೆ, ಕಟ್ಟುವವರಿಗೆ. ನಿಮ್ಮ ಅಪ್ಪನಿಗೆ ಆರ್‌ಸಿಸಿ ಮನೆ ಇದೆ, ಅರ್ಜಿ ಹಾಕಿದರೂ ನಿಲ್ಲುವುದಿಲ್ಲ.

ಹಾಗಂತ ಏನೂ ಇಲ್ಲ ಅಂತಲ್ಲ. ಸರ್ಕಾರ ಕೈಗೆ ದುಡ್ಡು ಕೊಡುವುದಿಲ್ಲ, ಆದಾಯ ತೆರಿಗೆಯಲ್ಲಿ ಬಿಡುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ವರ್ಷಕ್ಕೆ ಬಾಡಿಗೆ 2,64,000. ಅದರಲ್ಲಿ ಮೇಲಿನ ಭಾಗಕ್ಕೆ ಕಟ್ಟಿದ ಆಸ್ತಿ ತೆರಿಗೆ ಕಳೆಯಬಹುದು, 6 ಸಾವಿರ ಅಂದುಕೊಳ್ಳಿ, ಉಳಿದದ್ದು 2,58,000. ಅದರ ಮೇಲೆ ಶೇ. 30 ಯಾವ ಬಿಲ್ಲೂ ಕೇಳದೆ ಬಿಡುತ್ತಾರೆ, ಅಂದರೆ 77,400. (ಮೇಸ್ತ್ರಿ ಬಿಲ್ಲು, ಪೇಂಟ್ ಬಿಲ್ಲು ಬೇರೆ ತೋರಿಸಿ ಕಳೆಯಲು ಆಗುವುದಿಲ್ಲ, ಅದೆಲ್ಲಾ ಈ 30ರಲ್ಲೇ ಬಂತು.) ಉಳಿದ 1,80,600ರಲ್ಲಿ ರಿಪೇರಿ ಸಾಲದ ಬಡ್ಡಿ ಪೂರ್ತಿ ಕಳೆಯಬಹುದು. 6 ಲಕ್ಷಕ್ಕೆ ಶೇ. 9ರ ಹತ್ತಿರ ಬಡ್ಡಿ ಇದ್ದರೆ ಮೊದಲ ವರ್ಷ ಸುಮಾರು 53 ಸಾವಿರ. ಕೊನೆಗೆ ಆದಾಯ ಅಂತ ಉಳಿಯುವುದು 1.28 ಲಕ್ಷ ಅಷ್ಟೇ.

ಆದರೆ ನೀವು ಒಂದು ಕಡೆ ಎಡವುತ್ತಿದ್ದೀರಿ. ಮನೆ ಅಪ್ಪನ ಹೆಸರಲ್ಲಿ, ಸಾಲ ನಿಮ್ಮ ಹೆಸರಲ್ಲಿ ಮಾತ್ರ ಆದರೆ ಈ ಬಡ್ಡಿಯ ಲಾಭ ಇಬ್ಬರಿಗೂ ಸಿಗುವುದಿಲ್ಲ. ನೀವು ಮಾಲೀಕರಲ್ಲ, ಅವರು ಬಡ್ಡಿ ಕಟ್ಟುತ್ತಿಲ್ಲ. ಅಪ್ಪನೇ ಸಾಲಗಾರರಾಗಿ, ನೀವು ಜೊತೆ ಅರ್ಜಿದಾರರಾಗಿ ಸೇರಿ, ಕಂತು ಬಾಡಿಗೆ ದುಡ್ಡಿನಿಂದ ಅಪ್ಪನ ಖಾತೆಯಲ್ಲೇ ಹೋಗಲಿ. ಅವರ ವಯಸ್ಸಿಗೆ ಬ್ಯಾಂಕಿನವರು ಅವಧಿ ಕಡಿಮೆ ಮಾಡುತ್ತಾರೆ, ಕೇಳಿ ನೋಡಿ. ಅಪ್ಪನ ಪಿಂಚಣಿ ವರ್ಷಕ್ಕೆ 3.36 ಲಕ್ಷ, ಬಾಡಿಗೆಯದು 1.28 ಲಕ್ಷ, ಎರಡೂ ಸೇರಿಸಿದರೂ 5 ಲಕ್ಷ ದಾಟುವುದಿಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗೆ ತೆರಿಗೆ ಸೊನ್ನೆ. ಅದೇ ಬಾಡಿಗೆ ನಿಮ್ಮ ಖಾತೆಗೆ ಬಂದರೂ ಕಾನೂನಿನ ಪ್ರಕಾರ ಅದು ಮಾಲೀಕರ ಆದಾಯವೇ, ಅದಕ್ಕೇ ಸುಮ್ನೆ ಗೊಂದಲ ಮಾಡಿಕೊಳ್ಳಬೇಡಿ.

ಇನ್ನೊಂದು ವಿಷಯ, ಕೆಳಗಿನ ಅಡುಗೆಮನೆಯನ್ನೂ ಇದೇ ಸಾಲದಲ್ಲಿ ಮಾಡಿಸಿದರೆ ಆ ಭಾಗದ ಬಡ್ಡಿಯ ಲೆಕ್ಕ ಬೇರೆ. ತಾವೇ ವಾಸ ಇರುವ ಮನೆಯ ರಿಪೇರಿಗೆ ವರ್ಷಕ್ಕೆ 30,000ಕ್ಕಿಂತ ಜಾಸ್ತಿ ಬಡ್ಡಿ ಕಳೆಯಲು ಬರುವುದಿಲ್ಲ, ಅದೂ ಹಳೇ ಪದ್ಧತಿಯಲ್ಲಿ ಮಾತ್ರ. ಮೇಲಿನ ಕೆಲಸದ ಬಿಲ್ಲು, ಕೆಳಗಿನ ಕೆಲಸದ ಬಿಲ್ಲು ಬೇರೆ ಬೇರೆ ಇಟ್ಟುಕೊಳ್ಳಿ.

ತಾರಸಿ ತೋಟ

ಶಾರದಕ್ಕ ಬಿಟ್ಟದ್ದು ಒಂದಿದೆ, ಸೋಲಾರ್. ಮನೆ ಇರುವವರಿಗೂ ಕೈಗೆ ದುಡ್ಡು ಬರುವ ಯೋಜನೆ ಅಂದರೆ ಇದು. 2024ರಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30 ಸಾವಿರ, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ ಒಟ್ಟು 78 ಸಾವಿರ. ನಾವು 3 ಕಿಲೋವಾಟ್ ಹಾಕಿಸಿದೆವು. ಮೊದಲು ಪೂರ್ತಿ ದುಡ್ಡು ನಾವೇ ಕೊಡಬೇಕು, ಮೀಟರ್ ಬದಲಾಗಿ ಪರಿಶೀಲನೆ ಮುಗಿದ ಮೇಲೆ ಸಹಾಯಧನ ನೇರ ಬ್ಯಾಂಕ್ ಖಾತೆಗೆ ಬರುತ್ತದೆ.

ನಮ್ಮದು ಎರಡು ತಿಂಗಳು ನಿಂತು ಹೋಗಿತ್ತು. ಕರೆಂಟ್ ಬಿಲ್ಲು ಇನ್ನೂ ತೀರಿಹೋದ ನಮ್ಮ ತಾತನ ಹೆಸರಲ್ಲೇ ಬರುತ್ತಿತ್ತು, ಅದನ್ನು ಅಮ್ಮನ ಹೆಸರಿಗೆ ಬದಲಾಯಿಸಿದ ಮೇಲೆಯೇ ಅರ್ಜಿ ಮುಂದೆ ಹೋಗಿದ್ದು. ನಿಮ್ಮ ಅಪ್ಪನ ಬಿಲ್ಲಿನಲ್ಲಿ ಯಾರ ಹೆಸರಿದೆ ಅಂತ ಈಗಲೇ ನೋಡಿಕೊಳ್ಳಿ.

ದಯವಿಟ್ಟು ಸೋರುವ ತಾರಸಿ ಮೇಲೆ ಪ್ಯಾನಲ್ ಕೂರಿಸಬೇಡಿ. ಮೊದಲು ವಾಟರ್‌ಪ್ರೂಫಿಂಗ್ ಆಗಲಿ. ಆದ ಮೇಲೆ ನೀರು ಹೋಗುವ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಿ, ತಾರಸಿ ತುಂಬಾ ನಾಲ್ಕು ಬೆರಳು ನೀರು ಕಟ್ಟಿ, ಎರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ಮುಟ್ಟಿ ನೋಡಿ. ಒಣಗಿದ್ದರೆ ಮೇಸ್ತ್ರಿಗೆ ಬಾಕಿ ಕೊಡಿ. ನಮ್ಮ ಮನೆಯಲ್ಲಿ ಮೊದಲ ಸಲ ಟ್ಯೂಬ್‌ಲೈಟ್ ಪಕ್ಕ ಅಂಗೈಯಗಲ ಒದ್ದೆ ಕಾಣಿಸಿತು, ಮತ್ತೆ ಮಾಡಿಸಿದೆವು.

ಖಾತೆ ಕಂಬ

ಪಾಲಿಕೆ ಕಡೆಯ ವಿಷಯ ನಾನು ಹೇಳುತ್ತೇನೆ, ಹೋದ ವರ್ಷ ಇದನ್ನೆಲ್ಲಾ ಅನುಭವಿಸಿದ್ದೇನೆ. ಟೈಲ್ಸ್, ಪೈಪ್, ವೈರಿಂಗ್, ಪ್ಲಾಸ್ಟರ್, ಬಣ್ಣ, ಇದಕ್ಕೆಲ್ಲಾ ಪಾಲಿಕೆಯಿಂದ ಪ್ಲಾನ್ ಅನುಮತಿ ಬೇಕಿಲ್ಲ. ಆದರೆ ರಿಪೇರಿ ನೆಪದಲ್ಲಿ ತಾರಸಿ ಮೇಲೆ ಒಂದು ರೂಮ್ ಏರಿಸುವುದು, ಬಾಲ್ಕನಿ ಗೋಡೆ ಎತ್ತಿ ಒಳಗೆ ಸೇರಿಸಿಕೊಳ್ಳುವುದು ಬೇಡವೇ ಬೇಡ. ಮೇಸ್ತ್ರಿಗಳು "ಎಲ್ಲರೂ ಮಾಡುತ್ತಾರೆ ಸಾರ್" ಅನ್ನುತ್ತಾರೆ, ಪಕ್ಕದವರು ದೂರು ಕೊಟ್ಟ ದಿನ ನೋಟಿಸ್ ಬರುವುದು ಮಾಲೀಕರ ಹೆಸರಿಗೆ. ನಾನು ಬಾಲ್ಕನಿಗೆ ಹಾಕಿದ್ದ ಇಟ್ಟಿಗೆ ನಾನೇ ತೆಗೆಸಬೇಕಾಯಿತು, ಎರಡು ಸಲ ಕೂಲಿ ಕೊಟ್ಟೆ.

ಆಸ್ತಿ ತೆರಿಗೆಯಲ್ಲಿ ಬಾಡಿಗೆಗೆ ಕೊಟ್ಟ ಭಾಗಕ್ಕೆ ದರ ಸ್ವಂತ ವಾಸದ ದರದ ಎರಡರಷ್ಟು. ಮೇಲಿನ ಭಾಗಕ್ಕೆ ಮಾತ್ರ, ಇಡೀ ಮನೆಗಲ್ಲ. ನಾವೇ ಘೋಷಿಸಿ ಕಟ್ಟುವ ಪದ್ಧತಿ ಆದ್ದರಿಂದ ಎಷ್ಟೋ ಜನ ಎಲ್ಲಾ ಸ್ವಂತ ವಾಸ ಅಂತಲೇ ಬರೆದು ಬಿಡುತ್ತಾರೆ. ಆಮೇಲೆ ಪರಿಶೀಲನೆ ಆದರೆ ಹಿಂದಿನ ವರ್ಷಗಳ ವ್ಯತ್ಯಾಸ, ದಂಡ, ಬಡ್ಡಿ ಒಟ್ಟಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಅದನ್ನು ಬಿಡಬೇಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಾಗಿವೆ, ನಿಮ್ಮದು ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ.

ಮಹಡಿಮೆಟ್ಟಿಲು

ಮೂವರಿಗೂ ತುಂಬಾ ಧನ್ಯವಾದ. ಸಾಲದ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ಈಗ ಇಡೀ ಮನೆಗೆ ಒಂದೇ ಮೀಟರ್ ಇದೆ. ಮೇಲೆ ಎರಡು ಸಂಸಾರ ಬಂದರೆ ಗೃಹಜ್ಯೋತಿ ಕಥೆ ಏನು? ಬೇರೆ ಮೀಟರ್‌ಗೆ ಓಸಿ (ಮನೆ ವಾಸಕ್ಕೆ ಸರಿಯಿದೆ ಅಂತ ಪಾಲಿಕೆ ಕೊಡುವ ಪತ್ರ) ಕೇಳುತ್ತಾರೆ ಅಂತ ಯಾರೋ ಹೆದರಿಸಿದರು.

ಖಾತೆ ಕಂಬ

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹೊಸ ಸಂಪರ್ಕಕ್ಕೆ ಓಸಿ ಕೇಳಲು ಶುರು ಮಾಡಿದ್ದು ನಿಜ. ಆಮೇಲೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ನಿಮ್ಮ 30×40 ಸರಿಯಾಗಿ 1,200. ಪಾಲಿಕೆಯ ಆಸ್ತಿ ಖಾತೆಯಲ್ಲಿ ಅಳತೆ ಎಷ್ಟು ಅಂತ ಬರೆದಿದೆ ನೋಡಿಕೊಂಡು, ಹಳೇ ಪ್ಲಾನ್ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಬಾಡಿಗೆ ಮನೆ ಹುಡುಗಿ

ನಾನು ಹನ್ನೊಂದು ವರ್ಷದಿಂದ ಬಾಡಿಗೆ ಮನೆಗಳಲ್ಲೇ ಇದ್ದೇನೆ, ಆ ಕಡೆಯಿಂದ ಹೇಳುತ್ತೇನೆ ಸರ್. ದಯವಿಟ್ಟು ಬೇರೆ ಮೀಟರ್ ಹಾಕಿಸಿ. ಗೃಹಜ್ಯೋತಿಗೆ ಒಂದು ಮೀಟರ್ ಒಂದು ಲೆಕ್ಕ. ಮೂರು ಸಂಸಾರ ಒಂದೇ ಮೀಟರ್‌ನಲ್ಲಿದ್ದರೆ ಸುಲಭವಾಗಿ 200 ಯೂನಿಟ್ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಕೊನೆಗೆ ಅದು ಬಾಡಿಗೆದಾರರ ತಲೆ ಮೇಲೆ ಬರುತ್ತದೆ. ನಾನಿದ್ದ ಒಂದು ಮನೆಯಲ್ಲಿ ಫ್ಯಾನ್ ಎರಡು, ಲೈಟ್ ನಾಲ್ಕು, ತಿಂಗಳಿಗೆ 900 ರೂಪಾಯಿ ಕೊಡುತ್ತಿದ್ದೆ, ಎಷ್ಟು ಉರಿಸಿದೆ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಬೇರೆ ಮೀಟರ್ ಇದ್ದರೆ ಬಾಡಿಗೆದಾರರೇ ಕರಾರು ಪತ್ರ, ಆಧಾರ್ ಕೊಟ್ಟು ಸೇವಾ ಸಿಂಧುವಿನಲ್ಲಿ ನೋಂದಾಯಿಸಿಕೊಳ್ಳಬಹುದು. ಹೊಸ ಮೀಟರ್‌ಗೆ ಮೊದಲು ಸಿಗುವುದು 200 ಅಲ್ಲ, ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಸ್ವಲ್ಪ. ಇದನ್ನು ಬರುವವರಿಗೆ ಮೊದಲೇ ಹೇಳಿಬಿಡಿ. ಅವರು ಖಾಲಿ ಮಾಡುವಾಗ ಆಧಾರ್ ಜೋಡಣೆ ತೆಗೆಸಲೂ ಹೇಳಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಂದರೆ.

ಅಡ್ವಾನ್ಸ್ ಬಗ್ಗೆಯೂ ಒಂದು ಮಾತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಎಂದಿದೆ. ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದು ನಡೆಯುತ್ತದೆ, ನಮ್ಮ ಊರಲ್ಲಿ ಇನ್ನೂ ಹತ್ತು ತಿಂಗಳು ಕೇಳುವವರಿದ್ದಾರೆ. 12 ಸಾವಿರ ಬಾಡಿಗೆಗೆ 1.2 ಲಕ್ಷ ಹೊಂದಿಸಲು ನಾನು ಅಮ್ಮನ ಸರ ಅಡ ಇಟ್ಟಿದ್ದೆ. ಮೂರು ನಾಲ್ಕು ತಿಂಗಳದ್ದು ತೆಗೆದುಕೊಳ್ಳಿ, ಒಳ್ಳೆಯವರು ಬೇಗ ಬರುತ್ತಾರೆ. ಮತ್ತೆ ಆ ಬಾತ್‌ರೂಮಿಗೆ ಒಂದು ಕಿಟಕಿ, ಬಟ್ಟೆ ಒಣಗಿಸಲು ತಾರಸಿಯಲ್ಲಿ ಜಾಗ.

ಲೆಕ್ಕದ ಶಾರದಕ್ಕ

ಈ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಕರಾರು 11 ತಿಂಗಳದ್ದಾದರೂ ಬರೆಸಿಯೇ ಬರೆಸಿ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಬಾಡಿಗೆ ಬ್ಯಾಂಕಿಗೇ ಬರಲಿ. ಕೈಯಲ್ಲಿ ತೆಗೆದುಕೊಂಡರೆ ನಾನು ಹೇಳಿದ ಲೆಕ್ಕಕ್ಕೆ ಆಧಾರ ಇರುವುದಿಲ್ಲ.

ಮಹಡಿಮೆಟ್ಟಿಲು

ಏಜೆಂಟ್‌ಗೆ ಬೇಡ ಅಂತ ಹೇಳಿಯಾಯಿತು. ಅಪ್ಪನಿಗೆ ಸ್ವಲ್ಪ ಬೇಜಾರಾಯಿತು, ಲೆಕ್ಕ ಬರೆದು ತೋರಿಸಿದ ಮೇಲೆ ಸಮಾಧಾನವಾದರು. ಆ 8 ಸಾವಿರ ತಾರಸಿ ಕೆಲಸಕ್ಕೆ ಮುಂಗಡ ಕೊಟ್ಟೆವು. ಕಿಟಕಿ ವಿಷಯ ಮೇಸ್ತ್ರಿಗೆ ಹೇಳಿದ್ದೇನೆ, ಒದ್ದೆ ಗೋಡೆ ಒಡೆಯುವಾಗಲೇ ಇಡುತ್ತಾರಂತೆ. ಅಡ್ವಾನ್ಸ್ ನಾಲ್ಕು ತಿಂಗಳು ಸಾಕು ಅಂತ ಅಮ್ಮನೇ ಹೇಳಿದರು. ಸೋಮವಾರ ಅಪ್ಪನ ಜೊತೆ ಬ್ಯಾಂಕಿಗೆ ಹೋಗುತ್ತಿದ್ದೇನೆ, ಈಗ ಅವರು ಬೀರು ತೆಗೆದು 1996ರ ಪ್ಲಾನ್ ಹುಡುಕುತ್ತಿದ್ದಾರೆ.