ಅಪ್‌ಡೇಟ್: ಜಪಾನ್ ಗ್ರಾಹಕರು ಸುಮ್ಮನಾಗಿದ್ದು ಯಾಕೆ ಅಂತ ಗೊತ್ತಾಯ್ತು

ಮೀಟಿಂಗ್‌ನಲ್ಲಿ ಎಲ್ಲದಕ್ಕೂ 'ಹೈ, ಹೈ' (ಜಪಾನಿ ಭಾಷೆಯಲ್ಲಿ 'ಹೌದು') ಅಂದ ಜಪಾನಿನವರು ಆಮೇಲೆ ಆರ್ಡರ್ ಖಚಿತಪಡಿಸುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಬಗೆಹರಿಯಿತು!

ನೆನಪಿಸಿ ಮೇಲ್ ಹಾಕಿ ಅಂದಿದ್ದಿರಿ. ಮೂರು ಹಾಕಿದೆ, ಉತ್ತರವೇ ಇಲ್ಲ. ಕೈ ಹಿಡಿದದ್ದು 'ನೆಮವಾಶಿ' ಸಲಹೆ, ಅಂದರೆ ಸಭೆಗೆ ಮೊದಲೇ ಒಬ್ಬೊಬ್ಬರ ಹತ್ತಿರ ಮಾತಾಡಿ ಒಪ್ಪಿಗೆ ಹದ ಮಾಡಿಕೊಳ್ಳುವುದು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಗ್ರಾಹಕರ ಕಡೆಯ ಕಿರಿಯ ಎಂಜಿನಿಯರ್‌ಗೆ, 'ನಿಮ್ಮವರಿಗೆ ಯಾವ ಭಾಗ ಕಷ್ಟವಾಗಬಹುದು?' ಅಂತಷ್ಟೇ ಬರೆದೆ. ಮರುದಿನವೇ ಉತ್ತರ ಬಂತು: ಡೆಲಿವರಿ ದಿನಾಂಕ.

ಏಪ್ರಿಲ್ 3 ಅಂದುಕೊಂಡು ನಾನು 03/04 ಅಂತ ಬರೆದಿದ್ದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 4 ಅಂತ ಓದಿ, ಅಷ್ಟು ಬೇಗ ಸಾಧ್ಯವಿಲ್ಲ ಅನ್ನಲು ಸಂಕೋಚಪಟ್ಟಿದ್ದರು. 'ಹೈ' ಅಂದರೆ ಎಷ್ಟೋ ಸಲ 'ಕೇಳಿಸಿಕೊಳ್ಳುತ್ತಿದ್ದೇನೆ' ಅಂತ ಮಾತ್ರವಂತೆ, ಒಪ್ಪಿಗೆಯಲ್ಲ. ಈಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಆರ್ಡರ್ ಬಂತು.