ಒಂದೇ ಸಂಜೆಗೆ ನಾಲ್ಕು ಗ್ಯಾಲರಿ ಓಪನಿಂಗ್: ಬೆಂಗಳೂರಲ್ಲಿ ಆಗೋ ಮಾತಾ?

ರಾಜಾಜಿನಗರದವ

ಬರೋ ಶನಿವಾರ ನಾಲ್ಕು ಕಡೆ ಪ್ರದರ್ಶನ ಶುರುವಾಗ್ತಿದೆ: ಚಿತ್ರಕಲಾ ಪರಿಷತ್ತು, ಎಂ.ಜಿ. ರಸ್ತೆಯ ರಂಗೋಲಿ ಕಲಾ ಕೇಂದ್ರ, ವಿಲ್ಸನ್ ಗಾರ್ಡನ್, ದೊಮ್ಮಲೂರು. ಎಲ್ಲ ಪೋಸ್ಟರಲ್ಲೂ ‘ಸಂಜೆ 6’ ಅಂತಲೇ ಇದೆ. ಆಹ್ವಾನ ಪತ್ರಿಕೆ ಯಾವುದೂ ಬಂದಿಲ್ಲ, ವಾಟ್ಸಾಪಲ್ಲಿ ನೋಡಿದ್ದಷ್ಟೆ. ಹಾಗೇ ಹೋಗಬಹುದಾ? ಯಾವ ಕ್ರಮದಲ್ಲಿ ಹೋದರೆ ನಾಲ್ಕೂ ಮುಗಿಯುತ್ತೆ? ಗಾಡಿ ತರಲ್ಲ. ಹತ್ತು–ಹದಿನೈದು ಸಾವಿರದೊಳಗೆ ಮನೆಗೊಂದು ಒಳ್ಳೆ ಕೃತಿ ಸಿಕ್ಕರೆ ತಗೊಳ್ಳೋ ಆಸೆಯೂ ಇದೆ.

ಗೋಡೆನೋಟ

ನಾಲ್ಕು ಆಗಲ್ಲ ಸರ್, ದೊಮ್ಮಲೂರು ಬಿಟ್ಟುಬಿಡಿ. ಶನಿವಾರ ಸಂಜೆ ವಿಲ್ಸನ್ ಗಾರ್ಡನ್‌ನಿಂದ ಅಲ್ಲಿಗೆ ಹೊರಟರೆ ಚಿತ್ರ ನೋಡಬೇಕಾದ ಹೊತ್ತೆಲ್ಲ ಸಿಗ್ನಲ್‌ನಲ್ಲೇ ಕಳೆದುಹೋಗುತ್ತೆ. ಓಪನಿಂಗ್ ದಿನವೇ ನೋಡಬೇಕು ಅಂತೇನಿಲ್ಲ, ಪ್ರದರ್ಶನ ಎಷ್ಟು ದಿನ ಇರುತ್ತೆ ನೋಡ್ಕೊಳ್ಳಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಮತ್ತು ಇಂದಿರಾನಗರ ಮೆಟ್ರೋ ಹತ್ತಿರದ ಮ್ಯಾಕ್ಸ್ ಮುಲ್ಲರ್ ಭವನ, ಇವೆರಡಕ್ಕೂ ಸೇರಿ ಇನ್ನೊಂದು ಸಂಜೆ ಇಟ್ಕೊಳ್ಳಿ.

ಎಲ್ಲ ಕಡೆ ‘6’ ಅಂತಿದ್ದರೂ ಆ ಆರಕ್ಕೆ ಒಂದೇ ಅರ್ಥ ಇಲ್ಲ. ಪರಿಷತ್ತಿನಲ್ಲಿ ಕಲಾವಿದರು ಹಾಲ್ ಬಾಡಿಗೆಗೆ ಹಿಡಿದು ಪ್ರದರ್ಶನ ಮಾಡೋದು. ಅಲ್ಲಿ ಸಭೆ ಇರುತ್ತೆ: ದೀಪ ಹಚ್ಚೋದು, ಶಾಲು, ಹಾರ, ಭಾಷಣ. ಮುಖ್ಯ ಅತಿಥಿ ತಡವಾದಷ್ಟೂ ಎಲ್ಲ ಮುಂದಕ್ಕೆ ಹೋಗುತ್ತೆ, ಆದರೆ ಹಾಲ್ ಮುಚ್ಚೋ ಹೊತ್ತು ಮುಂದಕ್ಕೆ ಹೋಗಲ್ಲ, ಅದು ಹೆಚ್ಚುಕಡಿಮೆ ಏಳು ಗಂಟೆ. ಭಾಷಣ ಮುಗಿಯೋವರೆಗೆ ಕಾದರೆ ಚಿತ್ರಕ್ಕೆ ಉಳಿಯೋದು ಹತ್ತು ನಿಮಿಷ. ಖಾಸಗಿ ಗ್ಯಾಲರಿಗಳಲ್ಲಿ ಇದ್ಯಾವುದೂ ಇಲ್ಲ, ಎಂಟರವರೆಗೂ ಜನ ಬರ್ತಾ ಹೋಗ್ತಾ ಇರ್ತಾರೆ.

ಹಾಗಾಗಿ ಮೊದಲು ಪರಿಷತ್ತು. ಹಸಿರು ಮಾರ್ಗದಲ್ಲಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ಇಳಿದು ಶೇಷಾದ್ರಿಪುರದ ಕಡೆಯಿಂದ ಆಟೋ ಹಿಡೀರಿ. ಸಂಜೆ 5ಕ್ಕೇ ಅಲ್ಲಿರಿ. ಗೋಡೆಗೆ ಚಿತ್ರ ಹಾಕಿಯಾಗಿರುತ್ತೆ, ಒಳಗೆ ಬಿಟ್ಟರೆ ಕಲಾವಿದರೂ ಬಿಡುವಾಗಿ ಸಿಗ್ತಾರೆ. ಒಂದೇ ಕಾಂಪೌಂಡಿನಲ್ಲಿ ಹಲವು ಹಾಲ್‌ಗಳಿರೋದರಿಂದ ಪಕ್ಕದಲ್ಲಿ ನಡೀತಿರೋದನ್ನೂ ನೋಡಬಹುದು. ದೀಪ ಹಚ್ಚೋ ಹೊತ್ತಿಗೆ ಹೊರಡಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆಮೇಲೆ ವಿಧಾನಸೌಧ ಸ್ಟೇಷನ್‌ವರೆಗೆ ಆಟೋ, ಅಲ್ಲಿಂದ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ. ರಂಗೋಲಿ ಸ್ಟೇಷನ್‌ಗೆ ಅಂಟಿಕೊಂಡೇ ಇದೆ. ಕೊನೆಗೆ ವಿಲ್ಸನ್ ಗಾರ್ಡನ್‌ಗೆ ಆಟೋ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಕಿ.ಮೀ.ಗೆ ₹18. ಮೀಟರ್ ಹಾಕೋ ಆಟೋ ಸಿಕ್ಕರೆ ಅದೇ ಆ ದಿನದ ದೊಡ್ಡ ಕಲಾಕೃತಿ.

ಆಹ್ವಾನದ ಚಿಂತೆ ಬೇಡ, ಸುಮ್ಮನೆ ಒಳಗೆ ಹೋಗಿ. ಮ್ಯೂಸಿಯಂಗಳ ಉದ್ಘಾಟನೆಗೆ ಮಾತ್ರ ಮೊದಲೇ ಹೆಸರು ನೋಂದಾಯಿಸೋಕೆ ಹೇಳ್ತಾರೆ.

ಬಸವನಗುಡಿ ಬಿಸಿಲು

ಮೇಲಿನವರ ಲೆಕ್ಕ ಸರಿ. ಒಂದು ಸೇರಿಸ್ತೀನಿ: ವಿಲ್ಸನ್ ಗಾರ್ಡನ್ ಕಡೆ ಹೋದ ಮೇಲೆ ಶಾಂತಿನಗರದ 1 ಶಾಂತಿರೋಡ್‌ನಲ್ಲಿ ಏನಾದರೂ ಇದೆಯಾ ಅಂತಲೂ ನೋಡಿ. ಕಲಾ ಇತಿಹಾಸಕಾರ ಸುರೇಶ್ ಜಯರಾಂ ಶುರುಮಾಡಿದ ಜಾಗ. ಮಾರಾಟಕ್ಕಿಂತ ಪ್ರಯೋಗದ ಕಡೆಗೇ ಒಲವು.

ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯುವಾಗ ಈ ಕಡೆ ಸಂಜೆ ಬರಲೇಬೇಡಿ. ಹಾಗೇ ಜನವರಿಯ ಚಿತ್ರಸಂತೆ ದಿನ ಪರಿಷತ್ತು ಇರೋ ಕುಮಾರಕೃಪಾ ರಸ್ತೆಗೆ ವಾಹನ ಬಿಡಲ್ಲ, ಪರಿಷತ್ತಿನ ಒಳಗಿನ ಪ್ರದರ್ಶನವನ್ನು ಆ ನೂಕುನುಗ್ಗಲಲ್ಲಿ ಸಮಾಧಾನವಾಗಿ ನೋಡೋಕೂ ಆಗಲ್ಲ. ಸೋಮವಾರ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), ಕಸ್ತೂರ್ಬಾ ರಸ್ತೆಯ ಮ್ಯಾಪ್ (ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ) ಎರಡೂ ರಜೆ.

ಅಚ್ಚುಮಸಿ

ನಿಮ್ಮ ಬಜೆಟ್‌ಗೆ ಹೆಸರು ಮಾಡಿದವರ ದೊಡ್ಡ ಕ್ಯಾನ್ವಾಸ್ ಮರೆತುಬಿಡಿ, ಪ್ರಿಂಟ್ ನೋಡಿ. ಎಚಿಂಗ್ (ಲೋಹದ ಫಲಕ), ವುಡ್‌ಕಟ್ (ಮರದ ಫಲಕ), ಲಿಥೋ (ಕಲ್ಲು), ಸೆರಿಗ್ರಾಫ್ (ಪರದೆ) ಇವೆಲ್ಲ ಕಲಾವಿದರು ತಾವೇ ತಯಾರಿಸಿದ ಫಲಕ, ಕಲ್ಲು ಅಥವಾ ಪರದೆಯಿಂದ ತೆಗೆಯುವ ಅಚ್ಚು, ಪ್ರತಿಗಳೂ ಇಂತಿಷ್ಟೇ. ‘ಜಿಕ್ಲೇ’ ಅಂತ ಬರೆದಿದ್ದರೆ ಅದು ಇಂಕ್‌ಜೆಟ್ ಪ್ರಿಂಟ್. ಅದನ್ನು ಮಾರೋದು ತಪ್ಪಲ್ಲ, ಎಚಿಂಗ್ ಬೆಲೆಗೆ ಮಾರೋದು ತಪ್ಪು.

ಎಚಿಂಗ್ ಗುರುತಿಸೋದು ಸುಲಭ. ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಬೆಳಕು ಕಾಗದದ ಮೇಲೆ ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಚಿತ್ರದ ನಾಲ್ಕೂ ಸುತ್ತ ಲೋಹದ ಫಲಕದ ಅಂಚು ಒತ್ತಿದ ತಗ್ಗು ಕಾಣಬೇಕು. ಪ್ರೆಸ್‌ನ ಒತ್ತಡಕ್ಕೆ ಒದ್ದೆ ಕಾಗದ ಅಲ್ಲಿ ಕುಸಿದಿರುತ್ತೆ. ಲಿಥೋ, ಸೆರಿಗ್ರಾಫ್‌ಗಳಲ್ಲಿ ಈ ತಗ್ಗು ಇರಲ್ಲ, ಆದ್ದರಿಂದ ಅದಿಲ್ಲ ಅಂದಮಾತ್ರಕ್ಕೆ ನಕಲಿ ಅನ್ನಬೇಡಿ. ಅನುಮಾನ ಬಂದರೆ ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿ: ತಿಳಿ ಬಣ್ಣದ ಜಾಗದಲ್ಲಿ ಸಿಂಪಡಿಸಿದಂಥ ಸಣ್ಣ ಬಣ್ಣದ ಚುಕ್ಕಿಗಳು ಕಂಡರೆ ಇಂಕ್‌ಜೆಟ್. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ 4/15 ಥರ ಸಂಖ್ಯೆ, ಬಲಕ್ಕೆ ಸಹಿ ಇರುತ್ತೆ. 15 ಅಂದರೆ ಒಟ್ಟು ಪ್ರತಿಗಳು, 4 ಅಂದರೆ ನಿಮ್ಮದು. ‘ಎಪಿ’ ಅಂತಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ.

ಗೋಡೆ ಮೇಲೆ ಬೆಲೆ ಇರಲ್ಲ. ಮೇಜಿನ ಹತ್ತಿರ ಬೆಲೆಪಟ್ಟಿ ಕೇಳಿ, ನಾಚಿಕೆ ಬೇಡ. ಹೆಸರಿನ ಚೀಟಿ ಪಕ್ಕ ಕೆಂಪು ಚುಕ್ಕಿ ಇದ್ದರೆ ಮಾರಾಟವಾಗಿದೆ. ಪ್ರಿಂಟ್ ಆದರೆ ಇನ್ನೂ ಪ್ರತಿ ಉಳಿದಿರಬಹುದು, ವಿಚಾರಿಸಿ. ಜಿಎಸ್‌ಟಿ, ಫ್ರೇಮ್ ಎರಡೂ ಸೇರಿದೆಯಾ ಅಂತ ಆಗಲೇ ಕೇಳಿಬಿಡಿ. ಕಲಾವಿದರು ತಾವೇ ಬಾಡಿಗೆ ಕಟ್ಟಿ ಪ್ರದರ್ಶನ ಮಾಡ್ತಿದ್ದರೆ ಬೆಲೆಯನ್ನು ಅವರ ಹತ್ತಿರವೇ ಮಾತಾಡಬಹುದು. ಗ್ಯಾಲರಿ ಮೂಲಕವಾದರೆ ಗ್ಯಾಲರಿಯವರ ಹತ್ತಿರವೇ ಮಾತಾಡಿ. ಕಲಾವಿದರನ್ನು ಮೂಲೆಗೆ ಕರೆದು “ನೇರ ಕೊಟ್ಟರೆ ಎಷ್ಟು?” ಅಂತ ಕೇಳಬೇಡಿ. ಗ್ಯಾಲರಿ ಪಾಲು ಎಷ್ಟೋ ಸಲ ಬೆಲೆಯ ಅರ್ಧದಷ್ಟಿರುತ್ತೆ, ಆ ವ್ಯವಹಾರ ಕೆಡಿಸಿದರೆ ಕಲಾವಿದರಿಗೇ ತೊಂದರೆ.

ರಾಜಾಜಿನಗರದವ

ತುಂಬಾ ಉಪಯೋಗ ಆಯ್ತು. ಇಷ್ಟವಾದದ್ದನ್ನು ಅವತ್ತೇ ಮೆಟ್ರೋದಲ್ಲಿ ತರಬಹುದಾ? ಫ್ರೇಮ್ ಎಲ್ಲಿ ಏನು ನೋಡಿ ಹಾಕಿಸಬೇಕು?

ಅಚ್ಚುಮಸಿ

ಅವತ್ತೇ ಕೊಡಲ್ಲ. ಪ್ರದರ್ಶನ ಮುಗಿಯೋವರೆಗೂ ಕೃತಿ ಗೋಡೆ ಮೇಲೇ ಇರಬೇಕು. ಮುಂಗಡ ಕೊಟ್ಟು, ಕೃತಿಯ ಹೆಸರು, ಮಾಧ್ಯಮ, ಅಳತೆ, ಪ್ರತಿ ಸಂಖ್ಯೆ ಬರೆದ ರಸೀದಿ ಪಡೆದು, ಕೊನೆಯ ದಿನ ಹೋಗಿ ತನ್ನಿ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಇದನ್ನು ತಿರುವುಮುರುವು ಮಾಡ್ಕೊಂಡು ಸೋಫಾ ಮೇಲಿನ ಗೋಡೆ ಅಳೆದವರು ಬಹಳ ಜನ.

ಫ್ರೇಮ್ ಯಾರ ಹತ್ತಿರ ಹಾಕಿಸಿದರೂ ಮೂರು ವಿಷಯ ಹೇಳಿ. ಮೌಂಟ್ ಬೋರ್ಡ್ (ಫ್ರೇಮ್ ಒಳಗೆ ಚಿತ್ರಕ್ಕೆ ಆಸರೆಯಾಗಿ ಹಾಕೋ ರಟ್ಟು) ಆಸಿಡ್ ಇಲ್ಲದ್ದೇ ಆಗಬೇಕು, ಮಾಮೂಲಿ ರಟ್ಟು ಕೆಲವೇ ವರ್ಷದಲ್ಲಿ ಕಾಗದದ ಅಂಚನ್ನು ಹಳದಿ ಮಾಡುತ್ತೆ. ಗಾಜು ಕಾಗದಕ್ಕೆ ತಾಗಬಾರದು, ತಾಗಿದರೆ ಮಳೆಗಾಲದ ತೇವಕ್ಕೆ ಎರಡೂ ಅಂಟಿಕೊಂಡು ಬೂಷ್ಟು ಹಿಡಿಯುತ್ತೆ. ಸೆಲ್ಲೋ ಟೇಪ್ ಹಾಕಬಾರದು. ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಕಾಗದದ ಪಟ್ಟಿಯಿಂದ ನೇತುಹಾಕಬೇಕು, ಹಿಗ್ಗೋಕೆ ಕುಗ್ಗೋಕೆ ಕಾಗದಕ್ಕೆ ಜಾಗ ಬೇಕು. ಮಳೆ ಬಡಿಯುವ ಹೊರಗೋಡೆಗೆ ನೇತುಹಾಕಬೇಡಿ.

ಅಕಸ್ಮಾತ್ ಕ್ಯಾನ್ವಾಸೇ ತಗೊಂಡು ಸುತ್ತಿ ತರೋದಾದರೆ ಬಣ್ಣದ ಮೇಲ್ಮೈ ಹೊರಗಿರಲಿ, ಒಳಗಲ್ಲ. ಒಳಗೆ ಹಾಕಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಬಿಡಿಸುವಾಗ ಸುಕ್ಕಾಗುತ್ತೆ, ಚಕ್ಕೆ ಏಳುತ್ತೆ. ಕನಿಷ್ಠ 4 ಇಂಚು ವ್ಯಾಸದ ಕೊಳವೆ ಬಳಸಿ, ಬಣ್ಣದ ಮೇಲೆ ಮೊದಲು ಗ್ಲಾಸಿನ್ ಅನ್ನೋ ತೆಳು ನುಣುಪು ಕಾಗದ, ಆಮೇಲೆ ಬಬಲ್ ರ್‍ಯಾಪ್. ನೇರವಾಗಿ ಬಬಲ್ ರ್‍ಯಾಪ್ ಸುತ್ತಿದರೆ ಆಕ್ರಿಲಿಕ್ ಮೇಲೆ ಗುಂಡುಗುಂಡಗೆ ಅಚ್ಚು ಮೂಡುತ್ತೆ. ಬಣ್ಣ ದಪ್ಪಗೆ ಮೆತ್ತಿದ ಕ್ಯಾನ್ವಾಸ್ ಆದರೆ ಸುತ್ತಲೇಬೇಡಿ, ಚೌಕಟ್ಟಿನ ಸಮೇತ ಟೆಂಪೋದಲ್ಲಿ ತರಿಸಿ.